ಧೂಳಿನ ಅಲರ್ಜಿಗೆ ನಾಲಿಗೆಯಡಿ ಹನಿ: ನನ್ನ ಅನುಭವ

ಅಲರ್ಜಿಗೆ ನಾಲಿಗೆಯಡಿ ಹನಿ ಹಾಕಿಕೊಳ್ಳುತ್ತೇನೆ ಎಂದರೆ ಬಹಳ ಜನ ಹೋಮಿಯೋಪಥಿ ಅಂದುಕೊಳ್ಳುತ್ತಾರೆ. ಅಲ್ಲ, ಇದು ಇಮ್ಯುನೋಥೆರಪಿ. ನಮಗೆ ಯಾವುದು ಆಗುವುದಿಲ್ಲವೋ ಅದರ ಸಾರವನ್ನೇ ಅಳತೆಯಲ್ಲಿ ದಿನಾ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವುದು. ದಿನಾ ಬರುವ ಹಾಲಿನವನನ್ನು ಕಂಡು ಮನೆ ನಾಯಿ ಕ್ರಮೇಣ ಬೊಗಳುವುದು ಬಿಡುತ್ತದಲ್ವಾ, ಹಾಗೆ. 1911ರಲ್ಲಿ ಲಂಡನ್ನಿನ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಇಂಜೆಕ್ಷನ್ ಆಗಿ ಕೊಟ್ಟು ನೋಡಿದ್ದರು. ಹನಿ ಬಂದದ್ದು ಅದೆಷ್ಟೋ ವರ್ಷಗಳ ಮೇಲೆ. ಇಂಜೆಕ್ಷನ್‌ಗೆ ಪ್ರತಿ ಸಲ ಕ್ಲಿನಿಕ್ಕಿಗೆ ಹೋಗಿ ಅರ್ಧ ಗಂಟೆ ಕೂತು ಬರಬೇಕು. ಹನಿಯಾದರೆ ಮನೆಯಲ್ಲೇ ಆಗುತ್ತದೆ, ತೀವ್ರ ರಿಯಾಕ್ಷನ್ ಆಗುವ ಸಾಧ್ಯತೆಯೂ ಕಡಿಮೆ. ಅದಕ್ಕೇ ಹನಿ ಆರಿಸಿಕೊಂಡೆ.

ನನ್ನ ತೊಂದರೆ ಬೆಳಗಿನದು. ಎದ್ದ ಕೂಡಲೇ ಒಂದರ ಹಿಂದೊಂದು ಸೀನು, ಮೂಗಿನಲ್ಲಿ ನೀರು, ಅಂಗುಳೆಲ್ಲಾ ತುರಿಕೆ. ಹಾಸಿಗೆ ಕೊಡವಿದರಂತೂ ಮುಗಿಯಿತು. ಸೆಟ್ರಿಜಿನ್ ನುಂಗಿದರೆ ಸೀನು ನಿಲ್ಲುತ್ತಿತ್ತು, ಆದರೆ ಮಧ್ಯಾಹ್ನದವರೆಗೂ ತೂಕಡಿಕೆ.

ಮೊದಲು ಚರ್ಮದ ಪರೀಕ್ಷೆ. ಅದಕ್ಕೆ ಒಂದು ವಾರ ಮುಂಚೆಯೇ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ಸರಿಯಾಗಿ ಬರುವುದಿಲ್ಲ. ಮುಂಗೈ ಮೇಲೆ ಪೆನ್ನಿನಲ್ಲಿ ಸಾಲಾಗಿ ಗುರುತು ಹಾಕಿದರು. ಒಂದೊಂದು ಗುರುತಿನ ಪಕ್ಕ ಒಂದೊಂದು ವಸ್ತುವಿನ ಸಾರದ ಹನಿ ಇಟ್ಟು, ಹನಿಯ ಮೇಲಿಂದಲೇ ಚರ್ಮವನ್ನು ಚೂರೇ ಚುಚ್ಚಿದರು. ರಕ್ತ ಬರಲಿಲ್ಲ. ಅದರಲ್ಲಿ ಒಂದು ಬರೀ ಉಪ್ಪುನೀರು, ಅಲ್ಲಿ ಏನೂ ಏಳಬಾರದು. ಇನ್ನೊಂದು ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ದೇಹವೇ ಬಿಡುವ ರಾಸಾಯನಿಕ, ಅಲ್ಲಿ ಏಳಲೇಬೇಕು. ಇವೆರಡೂ ಸರಿಯಿದ್ದರೆ ಮಾತ್ರ ಉಳಿದದ್ದನ್ನು ನಂಬಬಹುದು. 15 ನಿಮಿಷ ಆಗುವಷ್ಟರಲ್ಲಿ ಧೂಳಿನ ನುಸಿಯ (ಮನೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಹನಿ ಇಟ್ಟಲ್ಲಿ ಗಂಧೆ ಎದ್ದು ಸುತ್ತಲೂ ಕೆಂಪಾಯಿತು. ಕಾಂಗ್ರೆಸ್ ಗಿಡಕ್ಕೂ ಜಿರಲೆಗೂ ಸಣ್ಣದಾಗಿ ಎದ್ದಿತ್ತು. ಡಾಕ್ಟರ್ ಸ್ಕೇಲ್ ಇಟ್ಟು ಅಳೆದರು. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಜಾಸ್ತಿ ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಅವರು ಕೇಳಿದ ಪ್ರಶ್ನೆಗಳೇ ನನಗೆ ಮುಖ್ಯ ಅನಿಸಿದ್ದು. "ಕೈ ಮೇಲೆ ಎದ್ದದ್ದಕ್ಕೆಲ್ಲಾ ಔಷಧಿ ಬೇಡಮ್ಮ. ಯಾವಾಗ ಜಾಸ್ತಿ ಆಗುತ್ತೆ? ಹೊರಗೆ ಓಡಾಡಿದಾಗಲಾ, ಮನೆ ಒಳಗಾ?" ನನಗೆ ವರ್ಷವಿಡೀ ಇರುತ್ತದೆ, ಮನೆಯೊಳಗೇ, ಅದರಲ್ಲೂ ಹಾಸಿಗೆ ಹತ್ತಿರ. ನುಸಿ ಇರುವುದೂ ಅಲ್ಲೇ, ದಿಂಬು ಹಾಸಿಗೆಗಳಲ್ಲಿ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಊಟ, ಅದರ ಹಿಕ್ಕೆಯೇ ನಮಗೆ ಅಲರ್ಜಿ. ಹಾಗಾಗಿ ನನ್ನ ಬಾಟಲಿಯಲ್ಲಿ ನುಸಿಯ ಸಾರ ಮಾತ್ರ. ಕೆಲವು ಕಡೆ ಹತ್ತಾರು ವಸ್ತು ಸೇರಿಸಿ ಒಂದೇ ಬಾಟಲಿ ಮಾಡಿಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎಲ್ಲವನ್ನೂ ಬೆರೆಸಿದರೆ ಒಂದೊಂದರ ಪಾಲು ಕಡಿಮೆಯಾಗುತ್ತದೆ, ಈ ಚಿಕಿತ್ಸೆಯಲ್ಲಿ ಡೋಸ್ ಸಾಲದಿದ್ದರೆ ಗುಣ ಕಾಣುವುದಿಲ್ಲ. ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಿದ್ದು ನಾಲಿಗೆಯಡಿ ಇಡುವ ನುಸಿಯ ಮಾತ್ರೆಗೆ, ಹನಿಗಲ್ಲ. ಅದಕ್ಕೇ ಯಾರ ತಯಾರಿಕೆ, ಎಷ್ಟು ಡೋಸ್ ಎಂದು ಬಾಯಿಬಿಟ್ಟು ಕೇಳಿ.

ಮೊದಲ ಹನಿ ಡಾಕ್ಟರ ಎದುರಿಗೇ, ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿದರು. ಶುರುವಿನ ಬಾಟಲಿ ತೆಳು, ಮುಂದಿನವು ಗಟ್ಟಿ. ಈಗ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕನ್ನಡಿ ಮುಂದೆ ನಿಂತು ನಾಲಿಗೆ ಮೇಲೆತ್ತಿ ಹನಿ ಬಿಟ್ಟುಕೊಳ್ಳುತ್ತೇನೆ. ಗ್ಲಿಸರಿನ್ ಇರುವುದರಿಂದ ಸ್ವಲ್ಪ ಸಿಹಿ. ಎರಡು ನಿಮಿಷ ಮಾತಾಡುವಂತಿಲ್ಲ, ಆಮೇಲೆ ನುಂಗುವುದು. ಕಾಫಿ ಕುಡಿಯುವುದು ಅದಾಗಿ ಕಾಲು ಗಂಟೆ ಬಿಟ್ಟೇ. ಶುರುವಿನಲ್ಲಿ ನಾಲಿಗೆ ಬುಡದಲ್ಲಿ ತುರಿಕೆ, ಕಿವಿಯೊಳಗೂ ಕಚಗುಳಿ ಇಟ್ಟ ಹಾಗೆ. ಕೆಲವು ವಾರಗಳಲ್ಲಿ ತಾನಾಗಿ ಹೋಯಿತು. ಬಾಯಿ ಹುಣ್ಣಾದರೆ, ಹಲ್ಲು ಕೀಳಿಸಿದರೆ, ಗಾಯ ಮಾಯುವವರೆಗೆ ಹನಿ ನಿಲ್ಲಿಸಬೇಕು. ಬಾಟಲಿ ಫ್ರಿಜ್‌ನಲ್ಲೇ ಇರಬೇಕು, ಆದರೆ ಫ್ರೀಜರ್‌ನಲ್ಲಿ ಬೇಡ. ಊರಿಗೆ ಹೋಗುವಾಗ ಐಸ್ ಪ್ಯಾಕ್ ಜೊತೆ ಡಬ್ಬಿಯಲ್ಲಿಟ್ಟು ಒಯ್ಯುತ್ತೇನೆ.

ಇದು ಇವತ್ತಿನ ಸೀನು ನಿಲ್ಲಿಸುವ ಔಷಧಿಯಲ್ಲ. ಮೊದಲ ತಿಂಗಳುಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಮೂಗಿನ ಸ್ಪ್ರೇ ಮುಂದುವರಿಸಿದೆ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದನ್ನೂ ಬಿಡಲಿಲ್ಲ, ನುಸಿ ಸಾಯಲು ಅಷ್ಟು ಬಿಸಿ ಬೇಕು. ಬೆಳಗಿನ ಸೀನು ಕಡಿಮೆಯಾದದ್ದು ನಿಧಾನವಾಗಿ. ಒಂದು ದಿನ ಮಾತ್ರೆಯ ಡಬ್ಬಿ ನೋಡಿದರೆ ಬಹಳ ದಿನದಿಂದ ಅದನ್ನು ಮುಟ್ಟಿಯೇ ಇರಲಿಲ್ಲ. ಆದರೂ ಹನಿ ಬಿಟ್ಟಿಲ್ಲ. ಕನಿಷ್ಠ 3 ವರ್ಷ ತೆಗೆದುಕೊಂಡರೆ, ನಿಲ್ಲಿಸಿದ ಮೇಲೂ ಗುಣ ಉಳಿಯುತ್ತದೆ ಎನ್ನುವುದಕ್ಕೆ ಆಧಾರವಿದೆ. ಮಧ್ಯದಲ್ಲಿ ಬಿಟ್ಟರೆ ಹಾಕಿದ ದುಡ್ಡೂ ಶ್ರಮವೂ ನೀರುಪಾಲು. ಖರ್ಚು ಕಮ್ಮಿಯೇನಲ್ಲ, ನನ್ನ ವಿಮೆಯಲ್ಲೂ ಬರಲಿಲ್ಲ. ಶುರು ಮಾಡುವ ಮೊದಲೇ ಪೂರ್ತಿ ಅವಧಿಯ ಲೆಕ್ಕ ಹಾಕಿ.

ನನ್ನ ತಂಗಿ ಮಗನಿಗೂ ಇದೇ ಥರ ಸೀನು, ಜೊತೆಗೆ ದಮ್ಮು. "ಅಕ್ಕಾ, ನಿನ್ನ ಹನಿಯನ್ನೇ ಅವನಿಗೂ ಸ್ವಲ್ಪ ಕೊಡಲಾ?" ಎಂದಳು. ಖಂಡಿತಾ ಬೇಡ ಎಂದೆ. ಅವನಿಗೆ ಯಾವುದು ಆಗುವುದಿಲ್ಲ ಎಂದು ಇನ್ನೂ ನೋಡಿಸಿಲ್ಲ, ದಮ್ಮು ಹತೋಟಿಯಲ್ಲಿ ಇಲ್ಲದವರಿಗೆ ಈ ಹನಿ ಅಪಾಯ. ಮೊದಲು ಇನ್ಹೇಲರ್‌ನಿಂದ ಉಸಿರಾಟ ಸರಿಹೋಗಲಿ, ಆಮೇಲೆ ಚರ್ಮದ ಪರೀಕ್ಷೆ, ಹನಿಯ ಮಾತು ಅದಾದ ಮೇಲೆ ಎಂದು ನಮ್ಮ ಡಾಕ್ಟರ್ ಹೇಳಿದ್ದಾರೆ. ಈಗ ಅವನದು ಇನ್ಹೇಲರ್ ನಡೆಯುತ್ತಿದೆ.