ಬಿಸಿಯಾದರೆ ಮಲಗುವ ಆರ್‌ಪಿಎಂ ಮುಳ್ಳು

ನನ್ನ ಹಳೇ ಪೆಟ್ರೋಲ್ ಕಾರಿನ ಆರ್‌ಪಿಎಂ ಮೀಟರ್‌ಗೆ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವುದು) ಒಂದು ಚಾಳಿ ಶುರುವಾಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮುಳ್ಳು ಸರಿಯಾಗಿಯೇ ಏಳುತ್ತಿತ್ತು. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಎರಡು ಸಲ ನಡುಗಿ ಸೊನ್ನೆಗೆ ಬಿದ್ದುಬಿಡುತ್ತಿತ್ತು. ಇಂಜಿನ್ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್) ಹೋಗಿದೆ, ಬದಲಾಯಿಸಿ ಅಂದರು ಒಬ್ಬ ಮೆಕ್ಯಾನಿಕ್. ನಾನೂ ಹೂಂ ಅಂದುಬಿಟ್ಟಿದ್ದೆ. ಆಮೇಲೆ ಯೋಚಿಸಿದರೆ ಲೆಕ್ಕ ಕೂಡಲಿಲ್ಲ. ನನ್ನ ಕಾರಿನಲ್ಲಿ ಆ ಸೆನ್ಸರ್ ಸತ್ತರೆ ಕಿಡಿ ಯಾವಾಗ ಕೊಡಬೇಕು ಅನ್ನೋದೇ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಗೊತ್ತಾಗುವುದಿಲ್ಲ. ಇಂಜಿನ್ ನಿಂತೇ ಹೋಗಬೇಕಿತ್ತು, ಅಲ್ವಾ? ಮುಳ್ಳು ಮಲಗಿದ್ದಾಗ, ಇಸಿಯು ಲೆಕ್ಕವನ್ನು ನೇರವಾಗಿ ಓದುವ ಒಬಿಡಿ ಸ್ಕ್ಯಾನರ್ ಹಾಕಿ ನೋಡಿದೆ. ಅದರಲ್ಲಿ 850 ಆರ್‌ಪಿಎಂ ಆರಾಮಾಗಿ ಕಾಣುತ್ತಿತ್ತು. ಅಲ್ಲಿಗೆ ಸೆನ್ಸರ್ ಕೊಳ್ಳುವ ಮಾತು ಮುಗಿಯಿತು.

ಇನ್ನು ಉಳಿದದ್ದು ಎರಡೇ: ಇಸಿಯುನಿಂದ ಬರುವ ವೈರ್, ಇಲ್ಲವೇ ಮೀಟರ್. ಮೀಟರ್‌ಗಳೆಲ್ಲ ಕೂತಿರುವ ಪೆಟ್ಟಿಗೆಯ, ಅಂದರೆ ಕ್ಲಸ್ಟರ್‌ನ, ಸ್ಕ್ರೂ ಬಿಚ್ಚಿ, ಕನೆಕ್ಟರ್ ಕಳಚದೆ ಅದನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡೆ. ವೈರಿಂಗ್ ನಕ್ಷೆ ನೋಡಿ ಸಿಗ್ನಲ್ ವೈರ್ ಗುರುತಿಸಿ, ಕನೆಕ್ಟರ್ ಹಿಂದಿನಿಂದ ಸಣ್ಣ ಪಿನ್ ತೂರಿಸಿ ಮಲ್ಟಿಮೀಟರನ್ನು ಹರ್ಟ್ಸ್‌ಗೆ (ಸೆಕೆಂಡಿಗೆ ಎಷ್ಟು ಪಲ್ಸ್ ಅನ್ನೋ ಲೆಕ್ಕಕ್ಕೆ) ಇಟ್ಟೆ. ನನ್ನ ನಾಲ್ಕು ಸಿಲಿಂಡರ್ ಇಂಜಿನ್ ಪ್ರತಿ ಸುತ್ತಿಗೂ ಎರಡು ಪಲ್ಸ್ ಕೊಡುತ್ತದೆ. 850ಕ್ಕೆ ಸುಮಾರು 28 ಹರ್ಟ್ಸ್ ಬರಬೇಕು. ಬಂತು. ಆಕ್ಸಿಲರೇಟರ್ ಒತ್ತಿ 3000ಕ್ಕೆ ಏರಿಸಿದರೆ 100. ಮುಳ್ಳು ಆಗಲೂ ಸೊನ್ನೆಯಲ್ಲೇ! (ಇಗ್ನಿಷನ್ ಕಾಯಿಲ್‌ನಿಂದಲೇ ಸಿಗ್ನಲ್ ತೆಗೆಯುವ ಹಳೇ ಕಾರುಗಳಲ್ಲಿ ಹೀಗೆ ಸುಮ್ನೆ ಮಲ್ಟಿಮೀಟರ್ ಚುಚ್ಚಬೇಡಿ. ಅಲ್ಲಿ ನೂರಾರು ವೋಲ್ಟ್ ಚಿಮ್ಮುತ್ತದೆ.)

ಕ್ಲಸ್ಟರ್‌ನ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಮುಳ್ಳು ಠಪ್ಪಂತ ಎದ್ದು ನಿಂತಿತು. ತೊಂದರೆ ಕ್ಲಸ್ಟರ್ ಒಳಗೇ ಇದೆ ಅನ್ನೋದಕ್ಕೆ ನನಗಂತೂ ಅಷ್ಟೇ ಸಾಕಾಗಿತ್ತು.

ಬ್ಯಾಟರಿ ಕಳಚಿ, ಕ್ಲಸ್ಟರ್ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಮೇಜಿನ ಮೇಲಿಟ್ಟು ಭೂತಕನ್ನಡಿ ಹಿಡಿದೆ. ಕನೆಕ್ಟರ್‌ನ ಒಂದು ಪಿನ್ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಕಪ್ಪು ಉಂಗುರ. ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಒಳಗಿನ ಬಲ್ಬುಗಳ ಕಾವಿಗೆ ಬೋರ್ಡ್ ಹಿಗ್ಗಿದಾಗ ಈ ಬಿರುಕು ಬಾಯಿ ಬಿಡುತ್ತಿತ್ತು ಅನ್ನಿಸುತ್ತದೆ. ಹಳೇ ಬೆಸುಗೆಯನ್ನೇ ಕಾಯಿಸಿ ಕೈತೊಳೆದುಕೊಳ್ಳಬಹುದಿತ್ತು. ಆ ಆಸೆಗೆ ಬೀಳದೆ, ಅದನ್ನು ಪೂರ್ತಿ ಎಳೆದು ತೆಗೆದು, ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿ ಹೊಸದಾಗಿ ಹಾಕಿದೆ. ಪಕ್ಕದ ಪಿನ್‌ಗಳಿಗೂ ಅದೇ ಉಪಚಾರ. ಮುಳ್ಳನ್ನು ಮಾತ್ರ ಮುಟ್ಟಲಿಲ್ಲ. ಒಮ್ಮೆ ಕಿತ್ತರೆ ಮತ್ತೆ ಸರಿಯಾದ ಜಾಗಕ್ಕೆ ಕೂರಿಸುವುದು ದೊಡ್ಡ ತಲೆನೋವು.

ಮತ್ತೆ ಜೋಡಿಸಿ ಒಂದು ಗಂಟೆ ಓಡಿಸಿದೆ. ಮುಳ್ಳು ಬೀಳಲಿಲ್ಲ. ಸ್ಕ್ಯಾನರ್ 3000 ಅಂದಾಗ ಮೀಟರ್ 3100 ತೋರಿಸುತ್ತದೆ. ಅಷ್ಟು ಜಾಸ್ತಿ ಇದ್ದರೆ ಇರಲಿ ಬಿಡಿ.