ಒತ್ತಕ್ಷರಕ್ಕೆ ಜಾಗ ಬಿಡಿ: ಕಾಲೇಜಿನ ಮ್ಯಾಗಜಿನ್‌ಗೆ ಪುಟ ಕಟ್ಟಿದ ಅನುಭವ

ಪತ್ರಿಕೋದ್ಯಮ ಎಂ.ಎ. ಓದುವಾಗ ನಮ್ಮ ತಂಡಕ್ಕೆ ಸಿಕ್ಕ ಪ್ರಾಜೆಕ್ಟು ಎ4 ಅಳತೆಯ 16 ಪುಟದ ಕನ್ನಡ ಮ್ಯಾಗಜಿನ್. ಮುಖಪುಟ ಲೇಖನ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ವ್ಯಾಪಾರದ ಬಗ್ಗೆ. ಬರೆಯೋದಕ್ಕೆ ಎಲ್ಲರೂ ಮುಂದೆ ಬಂದರು, ಪುಟವಿನ್ಯಾಸಕ್ಕೆ ಯಾರೂ ಬರಲಿಲ್ಲ. ಹಾಗಾಗಿ ಅದು ನನ್ನ ಪಾಲಿಗೆ ಬಂತು. ಮಾಡ್ತಾ ಮಾಡ್ತಾ ಗೊತ್ತಾಗಿದ್ದು ಏನಂದ್ರೆ, ಪುಟ ಹೇಗಿರಬೇಕು ಅನ್ನೋದನ್ನು ಅರ್ಧಕ್ಕಿಂತ ಜಾಸ್ತಿ ಕನ್ನಡದ ಅಕ್ಷರವೇ ನಿರ್ಧರಿಸುತ್ತದೆ. ನೆಟ್‌ನಲ್ಲಿ ಸಿಗುವ ಚಂದದ ಟೆಂಪ್ಲೇಟುಗಳೆಲ್ಲ ಇಂಗ್ಲಿಷಿಗೆ ಹೊಲಿದ ಅಂಗಿಗಳು.

ಹೆಸರಿನಿಂದಲೇ ಶುರುವಾಯಿತು ನೋಡಿ. ತಂಡದವರಿಗೆ ‘ಸ್ಪಂದನ’ ಇಷ್ಟವಾಗಿತ್ತು. ದೊಡ್ಡದಾಗಿ ಹಾಕಿ ನೋಡಿದರೆ ‘ಸ್ಪ’ದ ಒತ್ತು ಕೆಳಗೆ ಇಳಿದು ಮುಖಪುಟದ ಫೋಟೋ ಮೇಲೆ ಕೂರುತ್ತಿತ್ತು. ಒತ್ತಿಗೆ ಜಾಗ ಬಿಟ್ಟರೆ ‘ದ’, ‘ನ’ಗಳ ಕೆಳಗೆ ಸುಮ್ನೆ ಖಾಲಿ. ಆಮೇಲೆ ಅಂಗಡಿಯಲ್ಲಿ ನೇತುಹಾಕಿದ್ದ ಪತ್ರಿಕೆಗಳನ್ನು ನೋಡಿದೆ. ಸುಧಾ, ಮಯೂರ, ತುಷಾರ, ತರಂಗ. ಎಲ್ಲವೂ ಎರಡು ಮೂರು ಅಕ್ಷರ, ಒಂದರಲ್ಲೂ ಒತ್ತಿಲ್ಲ. ವಿನ್ಯಾಸಕ್ಕೆಂದೇ ಆ ಹೆಸರುಗಳನ್ನು ಇಟ್ಟರು ಅಂತ ನಾನು ಹೇಳುತ್ತಿಲ್ಲ. ಆದರೆ ಅವು ಮುಖಪುಟದಲ್ಲಿ ಎಷ್ಟು ಸಲೀಸಾಗಿ ಕೂರುತ್ತವೆ ಅನ್ನೋದಂತೂ ಕಣ್ಣಿಗೆ ಕಾಣುತ್ತದೆ. ‘ಕಸ್ತೂರಿ’ಯಲ್ಲಿ ಒತ್ತಿದೆ ಅಂತ ಗೆಳತಿಯೊಬ್ಬಳು ವಾದಕ್ಕೆ ಬಂದಳು. ನಿಜವೇ. ಆದರೂ ನಾವು ಕೊನೆಗೆ ‘ಬಯಲು’ ಅಂತ ಇಟ್ಟೆವು.

ಇನ್ನು ಒಳಪುಟ. ಇಂಗ್ಲಿಷಿನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಿನ ಅಂತರ ಕೊಟ್ಟರೆ ಸಾಕಾಗುತ್ತದೆ. ಕನ್ನಡಕ್ಕೆ ಅದೇ ಲೆಕ್ಕ ಹಾಕಿದರೆ ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ‘ಕೀ’, ‘ಕೇ’ಗಳ ತಲೆಗೆ ಬಡಿಯುತ್ತವೆ. ನಾನು 11 ಪಾಯಿಂಟಿಗೆ 16.5 ಕೊಟ್ಟೆ. ಪುಟಕ್ಕೆ ಹಿಡಿಯುವ ಸಾಲು ಕಡಿಮೆಯಾಯಿತು, ಲೇಖನ ಕತ್ತರಿಸಬೇಕಾಯಿತು, ಬರೆದವರು ಮುನಿಸಿಕೊಂಡರು. ಓದೋದಕ್ಕೆ ಮಾತ್ರ ಹಾಯಾಗಿತ್ತು.

ಕಾಲಂ ವಿಷಯವೂ ಹಾಗೇ. ಎ4 ಪುಟದ ಅಗಲ 210 ಮಿಲಿಮೀಟರ್. ಎರಡೂ ಬದಿ 15 ಬಿಟ್ಟು, ನಡುವೆ ಐದೈದು ಬಿಟ್ಟು ಮೂರು ಕಾಲಂ ಮಾಡಿದರೆ ಒಂದೊಂದಕ್ಕೆ 57 ಮಿ.ಮೀ. ಕೂಡ ಸಿಗೋದಿಲ್ಲ. ಅಷ್ಟರಲ್ಲಿ ‘ಮಾರುಕಟ್ಟೆಯಲ್ಲಿರುವವರಿಗೆ’ ಅಂತ ಒಂದು ಪದ ಬಂದರೆ ಮುಗೀತು. ಎರಡೂ ಅಂಚು ಸಮ ಮಾಡಿದಾಗ ಅದರ ಹಿಂದಿನ ಸಾಲಿನಲ್ಲಿ ಮೂರೇ ಪದ, ನಡುವೆ ದೊಡ್ಡ ದೊಡ್ಡ ಕಂದಕ. ಎರಡು ಕಾಲಂ ಮಾಡಿದೆ, ಒಂದೊಂದು 87.5 ಮಿ.ಮೀ. ಆಯಿತು. ತೊಂದರೆ ಹೆಚ್ಚೂಕಡಿಮೆ ಹೋಯಿತು. ಚಿಕ್ಕ ಬಾಕ್ಸ್ ಐಟಂಗಳಲ್ಲಿ ಎಡಗಡೆ ಮಾತ್ರ ಸಮ ಮಾಡಿ ಬಲಗಡೆ ಹಾಗೇ ಬಿಟ್ಟೆ.

ಇಂಗ್ಲಿಷ್ ಪುಟದ ಅಲಂಕಾರಗಳೂ ಇಲ್ಲಿ ನಡೆಯೋದಿಲ್ಲ. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ. ಇಟಾಲಿಕ್ ಒತ್ತಿದರೆ ಅಕ್ಷರ ಸುಮ್ನೆ ವಾಲುತ್ತದೆ, ಅಂದ ಬರೋದಿಲ್ಲ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದರೆ ದೀರ್ಘ, ಕೊಂಬುಗಳು ತಮ್ಮ ಅಕ್ಷರದಿಂದ ದೂರ ಸರಿದು ನಿಲ್ಲುತ್ತವೆ. ಹಾಗಾಗಿ ತೂಕ (ಅಂದರೆ ಅಕ್ಷರದ ದಪ್ಪ) ಮತ್ತು ಗಾತ್ರ, ಈ ಎರಡರಿಂದಲೇ ವ್ಯತ್ಯಾಸ ತೋರಿಸಿದೆ. ಶೀರ್ಷಿಕೆಗೆ ದಪ್ಪ ‘ಅನೇಕ್ ಕನ್ನಡ’, ಒಳಗೆ ‘ನೋಟೋ ಸೆರಿಫ್ ಕನ್ನಡ’. ಎರಡೂ ಉಚಿತ ಫಾಂಟುಗಳು. ಲೇಖನದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಸೆ ಇತ್ತು. ಅದಕ್ಕೆ ಒತ್ತಿಲ್ಲದ ಅಕ್ಷರವೇ ಬೇಕು. ‘ಪ್ರತಿ ಮುಂಜಾನೆ’ ಅಂತ ಶುರುವಾಗಿದ್ದ ಲೇಖನ ‘ಬೆಳಗಿನ ಜಾವ’ ಅಂತ ಬದಲಾಯಿತು. ಲೇಖಕಿ ಒಪ್ಪಿದಳು, ಪುಣ್ಯ.

ಸಾಫ್ಟ್‌ವೇರ್ ಬಗ್ಗೆ ಎರಡೇ ಮಾತು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರನ್ನು (ಅಕ್ಷರ, ಸಾಲು ಜೋಡಿಸುವ ಸೆಟ್ಟಿಂಗ್) ‘ವರ್ಲ್ಡ್-ರೆಡಿ’ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಯೂನಿಕೋಡ್ ಕನ್ನಡದಲ್ಲಿ ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತಾಳೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನಗಳನ್ನು ಯೂನಿಕೋಡಿಗೆ ಬದಲಿಸಿಕೊಂಡಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಇನ್ನೊಮ್ಮೆ ಓದಲೇಬೇಕು.

ಫೋಟೋ ಲೆಕ್ಕ ಸುಲಭ. ಒಂದು ಇಂಚಿಗೆ 300 ಪಿಕ್ಸೆಲ್. ಹಾಗಾಗಿ 1600 ಪಿಕ್ಸೆಲ್ ಅಗಲದ ಫೋಟೋ ಸುಮಾರು 13.5 ಸೆಂಟಿಮೀಟರಿಗಷ್ಟೇ ಸರಿ, ಎ4 ಮುಖಪುಟಕ್ಕೆ ಸಾಲದು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಪಿಕ್ಸೆಲ್ ಕಡಿಮೆಯಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಗ್ರೂಪಿನಲ್ಲಿ ಪಿನ್ ಮಾಡಿಟ್ಟಿದ್ದೆ.

ಪ್ರೆಸ್ಸಿಗೆ ನಾನು ಮೊದಲ ಪುಟ ಕಟ್ಟುವ ಮುಂಚೆಯೇ ಹೋಗಿದ್ದೆ. ಅಲ್ಲಿನ ಅಣ್ಣ ಹಾಳೆ ಮಡಿಸಿ ತೋರಿಸಿದರು. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. 1 ಮತ್ತು 16 ಒಂದೇ ಹಾಳೆಯ ಒಂದೇ ಮೈಯಲ್ಲಿ ಬರುತ್ತವೆ. 8 ಮತ್ತು 9 ಅಕ್ಕಪಕ್ಕ, ನಡುವೆ ಹಾಳೆ ಬದಲಾಗೋದಿಲ್ಲ. ಹೂವಿನ ಸಾಲಿನ ಉದ್ದದ ಫೋಟೋ ಅಲ್ಲಿಗೇ ಹೋಯಿತು. ಅಂಚಿನವರೆಗೂ ಬರುವ ಚಿತ್ರವನ್ನು ಆಚೆಗೆ 3 ಮಿ.ಮೀ. ಚಾಚಿಸಿ, ಕತ್ತರಿಸುವಾಗ ಬಿಳಿ ಗೆರೆ ಕಾಣಬಾರದು ಅಂದರು. ಅವರು ಹೇಳಿದ್ದರಲ್ಲಿ ಯಾವ ಪಾಠದಲ್ಲೂ ನಾನು ಓದಿರದ ಮಾತು ಇನ್ನೊಂದಿತ್ತು. ಓದುವ ಅಕ್ಷರಕ್ಕೆ ಕಪ್ಪು ಶಾಯಿ ಒಂದೇ ಇರಲಿ, ಅಚ್ಚಿನ ನಾಲ್ಕೂ ಬಣ್ಣ ಸೇರಿಸಿದ ಕಪ್ಪು ಬೇಡ. ಒಂದು ಬಣ್ಣದ ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಸಣ್ಣ ಸುಳಿಗಳು ಮಸುಕಾಗುತ್ತವಂತೆ. ಪಿಡಿಎಫ್ ಮಾಡುವ ಮುಂಚೆ ಪ್ರತಿ ಪುಟದ ಕಪ್ಪನ್ನೂ ಪರೀಕ್ಷಿಸಿದೆ. ವರ್ಡ್‌ನಿಂದ ತಂದ ಕೆಲವು ಪ್ಯಾರಾಗಳಲ್ಲಿ ನಾಲ್ಕು ಬಣ್ಣದ ಕಪ್ಪೇ ಇತ್ತು. ಅಲ್ಲೇ ಬದಲಿಸಿ ಫೈಲ್ ಕೊಟ್ಟೆ.