ಉಸಿರಿನಿಂದ ಹರಡುವ ಚಿನ್ನ: ಕನಜಾವಾದಲ್ಲಿ ನಾನು ಕಲಿತ ಮೂರು ದಿನ

ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರ ಬರೆಯುವವರಿಗೆ ಚಿನ್ನದ ರೇಕು, ಅಂದರೆ ಚಿನ್ನವನ್ನು ಬಡಿದು ಮಾಡಿದ ತೆಳು ಹಾಳೆ, ಹೊಸ ವಸ್ತುವಲ್ಲ. ಸಫೇದ ಎಂಬ ಬಿಳಿ ಪುಡಿ, ಮಕ್ಕಿ ಎಂಬ ಹಳದಿ ಬಣ್ಣ ಮತ್ತು ಗೋಂದನ್ನು ಸೇರಿಸಿ ಅರೆದು, ದೇವಿಯ ಕಿರೀಟ, ಸೀರೆಯ ಅಂಚು, ಮಂಟಪದ ಕಂಬಗಳ ಮೇಲೆ ಸಣ್ಣ ಕುಂಚದಿಂದ ತೆಳುವಾಗಿ ಉಬ್ಬು ಎಬ್ಬಿಸಿ, ಅದರ ಮೇಲೆ ರೇಕು ಕೂರಿಸುವ ಕೆಲಸವನ್ನು ನಾನು ಇಪ್ಪತ್ತಾರು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಆದ್ದರಿಂದ 2024ರ ನವೆಂಬರಿನಲ್ಲಿ ಒಸಾಕಾದಲ್ಲಿ ಉದ್ಯೋಗದಲ್ಲಿರುವ ಮಗಳನ್ನು ನೋಡಲು ಹೋದಾಗ, ಎಲ್ಲರಂತೆ ಕ್ಯೋಟೊ ತೋರಿಸುತ್ತೇನೆ ಎಂದು ಹೊರಟವಳಿಗೆ ಕನಜಾವಾಕ್ಕೆ ಹೋಗೋಣ ಎಂದೆ. ಜಪಾನಿನಲ್ಲಿ ತಯಾರಾಗುವ ಚಿನ್ನದ ರೇಕಿನಲ್ಲಿ ಶೇ. 98ಕ್ಕೂ ಹೆಚ್ಚು ಪಾಲು ಆ ಒಂದೇ ಊರಿನದು. ಕ್ಯೋಟೊದ ಸುಪ್ರಸಿದ್ಧ ಕಿಂಕಾಕುಜಿ ದೇಗುಲದ ಚಿನ್ನದ ಮಂಟಪಕ್ಕೆ 1987ರಲ್ಲಿ ಮುಗಿದ ನವೀಕರಣದಲ್ಲಿ ಹೊದಿಸಿದ ರೇಕು ಕೂಡ ಅಲ್ಲಿಂದಲೇ ಹೋದದ್ದು. ಸೀರೆ ನೋಡಬೇಕೆಂದರೆ ಅಂಗಡಿಗಿಂತ ಮಗ್ಗದ ಮನೆ ಮೇಲು ಎಂಬುದು ನನ್ನ ಲೆಕ್ಕ.

ಒಸಾಕಾದಿಂದ ಥಂಡರ್‌ಬರ್ಡ್ ರೈಲಿನಲ್ಲಿ ತ್ಸುರುಗಾದವರೆಗೆ ಹೋಗಿ, ಅಲ್ಲಿ ಶಿಂಕನ್ಸೆನ್ ಎಂಬ ಅತಿವೇಗದ ರೈಲಿಗೆ ಬದಲಾಯಿಸಬೇಕು. ಆ ವರ್ಷದ ಮಾರ್ಚ್‌ನಲ್ಲಷ್ಟೇ ಶಿಂಕನ್ಸೆನ್ ಮಾರ್ಗ ತ್ಸುರುಗಾವರೆಗೆ ವಿಸ್ತರಣೆಯಾಗಿತ್ತು. ನಾವು ಇಳಿದಾಗ ಜಿಟಿಜಿಟಿ ಮಳೆ. ನಿಲ್ದಾಣದ ಮುಂದೆ ನೋ ಎಂಬ ಸಾಂಪ್ರದಾಯಿಕ ನಾಟಕದ ತ್ಸುಜುಮಿ ಎಂಬ ಕೈಮದ್ದಳೆಯ ಆಕಾರದಲ್ಲಿ ಕಟ್ಟಿದ ಮರದ ಹೆಬ್ಬಾಗಿಲು, ಅದರ ಹಿಂದೆ ಬಂದವರಿಗೆ ಕೊಡೆ ಹಿಡಿದಂತಿರುವ ಗಾಜಿನ ಗುಮ್ಮಟ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಎಂಬುದು ಆ ಊರಿನ ಗಾದೆ ಎಂದು ಮಗಳು ಹೇಳಿದಳು. ಮಳೆಗೂ ರೇಕಿಗೂ ಇರುವ ನಂಟು ನನಗೆ ಆಗ ಹೊಳೆಯಲಿಲ್ಲ.

ಮೊದಲ ದಿನವೇ ನಾನು ಒಂದು ತಪ್ಪು ಮಾಡಿದೆ. ರೇಕಿನ ಕೆಲಸ ಗೊತ್ತಿರುವವನು ಎಂಬ ಹಮ್ಮಿನಲ್ಲಿ ಊರನ್ನಾಗಲಿ ಸಂಗ್ರಹಾಲಯವನ್ನಾಗಲಿ ನೋಡದೆ, ಚೀಲ ಹೋಟೆಲಿನಲ್ಲಿಟ್ಟು ನೇರವಾಗಿ ತರಗತಿಗೆ ಹೋದೆ. ಹಿಗಾಶಿ ಚಾಯಾ ಎಂಬ, 1820ರಲ್ಲಿ ರೂಪುಗೊಂಡ ಹಳೆಯ ಚಹಾಮನೆಗಳ ಕೇರಿಯ ಸುತ್ತಮುತ್ತ ಪ್ರವಾಸಿಗರಿಗೆ ರೇಕು ಅಂಟಿಸುವುದನ್ನು ಕಲಿಸುವ ಅಂಗಡಿಗಳು ಹಲವಿವೆ. ಒಂದು ಗಂಟೆಯ ತರಗತಿ. ಆರಿಸಿಕೊಂಡ ವಸ್ತುವಿಗೆ ತಕ್ಕಂತೆ ಒಂದರಿಂದ ಮೂರು ಸಾವಿರ ಯೆನ್. ಊಟದ ಕಡ್ಡಿ, ತಟ್ಟೆ, ಕೈಗನ್ನಡಿ, ಡಬ್ಬಿಗಳ ಸಾಲಿನಲ್ಲಿ ನಾನು ಕಪ್ಪು ಮೆರುಗಿನ ಪುಟ್ಟ ಡಬ್ಬಿಯೊಂದನ್ನು ತೆಗೆದುಕೊಂಡೆ.

ಕಲಿಸಿದವರು ಅರವತ್ತರ ಆಸುಪಾಸಿನ ಹೆಂಗಸು. ಮೊದಲು ಡಬ್ಬಿಯ ಮುಚ್ಚಳದ ಮೇಲೆ ಬೇಕಾದ ಆಕಾರವನ್ನು ಬಿಟ್ಟು ಉಳಿದ ಭಾಗವನ್ನು ಅಂಟುಪಟ್ಟಿಯಿಂದ ಮುಚ್ಚಿಸಿದರು. ಬಳಿಕ ತೆರೆದ ಜಾಗಕ್ಕೆ ಅಂಟನ್ನು ಸವರಿ, ಬಟ್ಟೆಯಿಂದ ಮತ್ತೆ ಒರೆಸಿ ತೆಗೆಯುವಂತೆ ಹೇಳಿದರು. ಹಚ್ಚಿದ್ದನ್ನೇಕೆ ಒರೆಸಬೇಕು ಎಂದು ಕೇಳಿದ್ದಕ್ಕೆ, ಅಂಟು ಹೆಚ್ಚಾದರೆ ಚಿನ್ನ ಅದರಲ್ಲಿ ಮುಳುಗಿ ಮಂಕಾಗುತ್ತದೆ ಎಂಬ ಉತ್ತರ ಬಂತು. ಗೋಂದು ದಪ್ಪವಾದರೆ ರೇಕಿನ ಮುಖ ಸಾಯುತ್ತದೆ ಎಂದು ನನ್ನ ಗುರುಗಳು ಬೈಯುತ್ತಿದ್ದುದೂ ಇದಕ್ಕೇ. ಕಸುಬುದಾರರು ಬೌದ್ಧರ ಪೂಜಾಮಂಟಪಗಳಿಗೆ ರೇಕು ಹಚ್ಚುವಾಗ ಬಳಸುವುದು ಉರುಶಿ ಎಂಬ ಮರದ ಅರಗನ್ನು. ಅದು ಹಸಿಯಾಗಿ ಮೈಗೆ ತಾಗಿದರೆ ತುರಿಕೆಯೆದ್ದು ಬೊಬ್ಬೆ ಬರುವುದರಿಂದ ಪ್ರವಾಸಿಗರ ಕೈಗೆ ಬೇರೆ ಅಂಟನ್ನು ಕೊಡುತ್ತಾರೆ.

ಆಮೇಲೆ ರೇಕು ಬಂತು. ಅಂಗೈಗಿಂತ ತುಸು ದೊಡ್ಡದಾದ, 10.9 ಸೆಂಟಿಮೀಟರಿನ ಚೌಕ. ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು. ನಾನು ರೂಢಿಯಂತೆ ಕಾಗದದ ಸಮೇತ ಬೆರಳಿನಿಂದ ಎತ್ತಲು ಹೋದೆ. “ಅಪ್ಪಾ, ಬೆರಳು ಹಚ್ಚಬೇಡಿ, ಅವರು ಬೇಡ ಅಂತಿದ್ದಾರೆ” ಎಂದು ಮಗಳು ಹೇಳುವಷ್ಟರಲ್ಲಿ ರೇಕು ನನ್ನ ಹೆಬ್ಬೆರಳಿನ ಗೆರೆಗಳಲ್ಲಿ ಇಳಿದುಹೋಗಿತ್ತು. ಆ ಹೆಂಗಸು ನಗಲಿಲ್ಲ. ಇನ್ನೊಂದು ಹಾಳೆ ತಂದು, ಬಿದಿರಿನ ಚಿಮಟದಿಂದ ಅದರ ಒಂದು ಮೂಲೆಯನ್ನು ಎತ್ತಿ ಮುಚ್ಚಳದ ಮೇಲೆ ಇಳಿಬಿಟ್ಟರು. ಸುಕ್ಕುಗಟ್ಟಿ ಬಿದ್ದ ರೇಕಿನ ನಡುಮಧ್ಯಕ್ಕೆ ತುಟಿ ಮುಂದೆ ಮಾಡಿ ಒಂದೇ ಒಂದು ಬಾರಿ ಫೂ ಎಂದರು. ನಡುವಿನಿಂದ ನಾಲ್ಕೂ ಅಂಚಿಗೆ ಅಲೆ ಹೋದಂತಾಗಿ ಸುಕ್ಕೆಲ್ಲ ಬಿಟ್ಟುಕೊಂಡು ರೇಕು ಹರಡಿ ಮಲಗಿತು. ನಾವು ಮೈಸೂರಿನಲ್ಲಿ ರೇಕಿನ ಹತ್ತಿರ ಉಸಿರನ್ನು ಬಿಗಿಹಿಡಿದು ಕೂರುತ್ತೇವೆ; ಇವರು ಉಸಿರನ್ನೇ ಉಪಕರಣ ಮಾಡಿಕೊಂಡಿದ್ದಾರೆ.

ನಾನು ಊದಿದಾಗ ರೇಕು ಹರಡುವ ಬದಲು ಮಗುಚಿ ತನ್ನ ಮೇಲೆ ತಾನೇ ಮಡಚಿಕೊಂಡಿತು. ಎರಡನೆಯ ಸಲ ಹರಿಯಿತು. ಅಕ್ಕಪಕ್ಕದ ಮೇಜಿನಲ್ಲಿದ್ದ ಚಿಕ್ಕ ಹುಡುಗಿ ನನಗಿಂತ ಮೊದಲು ಮುಗಿಸಿ ಎದ್ದಳು. ಕೊನೆಗೆ ಹೇಗೋ ಕೂತ ರೇಕಿನ ಮೇಲೆ ಹತ್ತಿಯಿಂದ ಮೆಲ್ಲನೆ ಒತ್ತಿ, ಮೆತ್ತನೆಯ ಕುಂಚದಿಂದ ಹೆಚ್ಚಾದದ್ದನ್ನು ಗುಡಿಸಿ, ಅಂಟುಪಟ್ಟಿ ಕಿತ್ತಾಗ ಬಂದದ್ದು ಗಂಡಭೇರುಂಡವೆಂದು ನಾನು ಹೇಳಿಕೊಳ್ಳಬಹುದಾದ ಒಂದು ಹಕ್ಕಿ.

ಮರುದಿನ ಬೆಳಿಗ್ಗೆ ಅದೇ ಹಿಗಾಶಿಯಾಮಾ ಭಾಗದಲ್ಲಿರುವ ನಗರಪಾಲಿಕೆಯ ಯಾಸುಎ ರೇಕು ಸಂಗ್ರಹಾಲಯಕ್ಕೆ ಹೋದಾಗಲೇ ಹಿಂದಿನ ದಿನ ನಾನು ಏನನ್ನು ಕೈಗೆ ತೆಗೆದುಕೊಂಡಿದ್ದೆ ಎಂಬುದು ತಿಳಿದದ್ದು. ಯಾಸುಎ ಎಂಬ ರೇಕಿನ ಕಸುಬುದಾರರೊಬ್ಬರು ತಮ್ಮ ಕಸುಬಿನ ಗುರುತು ಉಳಿಯಲೆಂದು 1974ರಲ್ಲಿ ಆರಂಭಿಸಿದ ಸಂಗ್ರಹಾಲಯವದು. ಈಗಿನ ಕಟ್ಟಡಕ್ಕೆ ಬಂದದ್ದು 2010ರಲ್ಲಿ. ಶೇ. 94ರಷ್ಟು ಚಿನ್ನಕ್ಕೆ ಸ್ವಲ್ಪ ಬೆಳ್ಳಿ, ಅದಕ್ಕಿಂತಲೂ ಕಡಿಮೆ ತಾಮ್ರ ಬೆರೆಸಿ ಕರಗಿಸಿ, ಪಟ್ಟಿ ಎಳೆದು, ಕಾಗದಗಳ ನಡುವೆ ಇಟ್ಟು ಬಡಿಯುತ್ತ ಹೋಗುತ್ತಾರೆ. ಹಾಳೆಯಾಗುವವರೆಗೆ ಬಡಿಯುವವರು ಒಬ್ಬರು, ಅಲ್ಲಿಂದ ಮುಂದೆ ರೇಕಾಗಿಸುವವರು ಇನ್ನೊಬ್ಬರು. ಎರಡೂ ಬೇರೆ ಬೇರೆ ಕಸುಬು. ಹತ್ತು ಯೆನ್ ನಾಣ್ಯದಷ್ಟು ಲೋಹ ಒಬ್ಬರು ಮಲಗುವಷ್ಟು ದೊಡ್ಡದಾದ ಒಂದು ತತಾಮಿ ಚಾಪೆಯಷ್ಟು ಅಗಲವಾಗುತ್ತದೆ. ಬೆಳಕಿಗೆ ಹಿಡಿದರೆ ರೇಕಿನ ಆಚೆಗಿನ ಬೆಳಕು ಹಸಿರು ಬೆರೆತ ನೀಲಿಯಾಗಿ ಕಾಣುತ್ತದೆ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಚಿನ್ನವಲ್ಲ, ಕಾಗದ. ಎಂತ್ಸುಕೆ ಎಂಬ ಹಳೆಯ ಪದ್ಧತಿಯಲ್ಲಿ ಚಿನ್ನದ ಹಾಳೆಗಳ ನಡುವೆ ಇಡುವ ಕೈಕಾಗದವನ್ನು ಹುಲ್ಲಿನ ಬೂದಿಯ ತಿಳಿನೀರು, ಜಪಾನೀ ಪರ್ಸಿಮನ್ ಹಣ್ಣಿನ ಒಗರು ಮತ್ತು ಕೋಳಿಮೊಟ್ಟೆ ಬೆರೆಸಿದ ದ್ರವದಲ್ಲಿ ಅದ್ದಿ, ಒಣಗಿಸಿ, ಬಡಿದು, ಮತ್ತೆ ಅದ್ದಿ ತಿಂಗಳುಗಟ್ಟಲೆ ಹದ ಮಾಡುತ್ತಾರೆ. ರೇಕಿನ ಗುಣ ನಿರ್ಧಾರವಾಗುವುದು ಈ ಕಾಗದದಲ್ಲಿ. ಸಾಕಷ್ಟು ಬಡಿಸಿಕೊಂಡು ಹಳತಾದ ಮೇಲೆ ಅದೇ ಕಾಗದ ಮುಖದ ಜಿಡ್ಡು ತೆಗೆಯುವ ಹಾಳೆಯಾಗಿ ಹೆಂಗಸರ ಕೈಚೀಲ ಸೇರುತ್ತಿತ್ತಂತೆ. ನೂರಾರು ಹಾಳೆಗಳನ್ನು ಒಟ್ಟಿಗೆ ಕತ್ತರಿಸುವ ಹೊಸ ಪದ್ಧತಿ ಬಂದು ಈಗ ಅದೇ ಹೆಚ್ಚಾಗಿದೆ. ಹಳೆಯದನ್ನು 2020ರಲ್ಲಿ ಮರದ ಕಟ್ಟಡಗಳನ್ನು ಕಾಪಾಡುವ ಜಪಾನಿನ ಕುಶಲಕಲೆಗಳ ಜೊತೆಗೆ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಮಳೆಯ ಪ್ರಶ್ನೆಯೂ ಅಲ್ಲೇ ಬಗೆಹರಿಯಿತು. ಗಾಳಿ ಒಣಗಿದಷ್ಟೂ ರೇಕು ವಿದ್ಯುದಾವೇಶಕ್ಕೆ ಸಿಕ್ಕಿ ಕಂಡಕಂಡಲ್ಲಿ ಅಂಟಿಕೊಳ್ಳುತ್ತದೆ. ಚಿಮಟ ಲೋಹದ್ದಾಗಿರದೆ ಬಿದಿರಿನದಾಗಿರುವುದೂ ಅಂಟದಿರಲೆಂದೇ. ವರ್ಷದ ಬಹುಭಾಗ ಮಳೆ, ಹಿಮ, ತೇವದಲ್ಲಿರುವ ಕನಜಾವಾ ಈ ಕಸುಬಿಗೆ ಹೇಳಿ ಮಾಡಿಸಿದ ಜಾಗ. ಇಲ್ಲಿನ ಒಡೆಯನಾಗಿದ್ದ ಮಾಏದಾ ತೋಶಿಇಎ 1593ರಲ್ಲಿ ಯುದ್ಧಶಿಬಿರದಿಂದ ಊರಿಗೆ ಪತ್ರ ಬರೆದು ಚಿನ್ನ ಬೆಳ್ಳಿಯ ರೇಕು ಮಾಡಿಸಲು ಹೇಳಿದ್ದನು. ಮುಂದೆ ಎದೊದಿಂದ (ಇಂದಿನ ಟೋಕಿಯೊ) ಆಳಿದ ಶೋಗನ್ ಎಂಬ ಸೇನಾಧಿಪತಿಗಳ ಆಡಳಿತ ಬೇರೆ ಊರುಗಳಲ್ಲಿ ರೇಕು ಬಡಿಯುವುದನ್ನು ನಿರ್ಬಂಧಿಸಿದಾಗಲೂ ಇಲ್ಲಿಯವರು ಗುಟ್ಟಾಗಿ ಬಡಿದರು. ಕದ್ದು ಬಡಿದ ಸದ್ದನ್ನು ಹೇಗೆ ಅಡಗಿಸಿದರೋ ಎಂಬುದೇ ನನಗೆ ಇಂದಿಗೂ ಸೋಜಿಗ.

ಪ್ರವಾಸಿಯ ಕೈಗೆ ಬರುವುದು ಕಸುಬಿನ ಕೊಟ್ಟಕೊನೆಯ ಹಂತ ಮಾತ್ರ. ಅದರಲ್ಲಿ ಮೋಸವೇನೂ ಇಲ್ಲ. ಒಂದು ಗಂಟೆಯಲ್ಲಿ ಬೇರೆ ಏನನ್ನು ತಾನೇ ಕೊಡಬಲ್ಲರು? ಆದರೆ ಹಿಂದಿನ ಹಂತಗಳನ್ನು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕೈ ಹಾಕಿ, ಬಳಿಕ ಆ ವಸ್ತು ಬಳಕೆಯಾಗುವ ಜಾಗಕ್ಕೆ ಹೋದರೆ ಅದೇ ಒಂದು ಗಂಟೆಗೆ ಬೇರೆಯೇ ತೂಕ ಬರುತ್ತದೆ. ಆ ದಿನ ಮಧ್ಯಾಹ್ನದಿಂದ ನಮ್ಮ ಕ್ರಮವನ್ನು ಹಾಗೆಯೇ ಬದಲಾಯಿಸಿಕೊಂಡೆವು.

ಕ್ಯೋಟೊ, ಮಾತ್ಸುಎ, ಕನಜಾವಾ ಈ ಮೂರು ಊರುಗಳು ಸಿಹಿತಿನಿಸಿಗೆ ಹೆಸರಾದವು. ನಾವು ಕಲಿತದ್ದು ನೆರಿಕಿರಿ ಎಂಬ ಬಗೆ. ಬಿಳಿ ಅವರೆಯಂಥ ಕಾಳನ್ನು ಬೇಯಿಸಿ ಅರೆದು ಸಕ್ಕರೆ ಹಾಕಿ ಕಾಸಿ, ಅಂಟಕ್ಕಿಯ ಹಿಟ್ಟಿನ ಮುದ್ದೆ ಸೇರಿಸಿ ನಾದಿದ ಬಣ್ಣದ ಕಣಕ. ಒಳಗೆ ಕೆಂಪು ಕಾಳಿನ ಹೂರಣ. ಕಣಕವನ್ನು ಅಂಗೈಯಲ್ಲಿ ತಟ್ಟಿ, ಹೂರಣದ ಉಂಡೆಯನ್ನು ನಡುವೆ ಇಟ್ಟು, ಎಡಗೈಯಲ್ಲಿ ತಿರುಗಿಸುತ್ತ ಬಲಗೈಯ ಬೆರಳುಗಳಿಂದ ಅಂಚನ್ನು ಮೇಲೇರಿಸಿ ಬಾಯಿ ಮುಚ್ಚಬೇಕು. ಯುಗಾದಿಗೆ ಅಮ್ಮನ ಪಕ್ಕ ಕೂತು ಒಬ್ಬಟ್ಟಿಗೆ ಹೂರಣ ತುಂಬಿಕೊಟ್ಟವನಿಗೆ ಇದು ತಾನಾಗಿಯೇ ಬಂತು, ಕಲಿಸುವವರು ನನ್ನ ಕೈ ನೋಡಿ ಮಗಳನ್ನು ಏನೋ ವಿಚಾರಿಸಿದರು. ಬೀಗಿದ್ದು ಅಲ್ಲಿಗೇ ಮುಗಿಯಿತು. ಮೂರು ಅಂಚಿನ ಮರದ ಕಡ್ಡಿಯಿಂದ ಸೇವಂತಿಗೆಯ ಎಸಳು ಕೊರೆಯುವಾಗ ನನ್ನ ಹೂವು ಹೂಕೋಸಿನಂತಾಯಿತು.

ಮಾಂಸಾಹಾರ ಮುಟ್ಟದವರಿಗೆ ಈ ತಿನಿಸುಗಳಲ್ಲಿ ತೊಂದರೆಯಿಲ್ಲ. ಯೋಕಾನ್ ಎಂಬ ಹಲ್ವದಂಥ ಸಿಹಿಯನ್ನು ಗಟ್ಟಿ ಮಾಡುವುದೂ ಕಡಲಪಾಚಿಯಿಂದ ತೆಗೆದ ಅಗರಿನಿಂದ. ಊಟದಲ್ಲಿ ಮಾತ್ರ ಎಚ್ಚರಿಕೆ ಬೇಕು. ಬರೀ ತರಕಾರಿ ಎಂದು ಕಾಣುವ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನಿಂದ ತೆಗೆದ ದಾಶಿ ಎಂಬ ತಿಳಿಸಾರು ಇರುತ್ತದೆ. ತರಗತಿಯ ಜೊತೆ ಊಟವೂ ಸೇರಿದ್ದರೆ ಕಾಯ್ದಿರಿಸುವಾಗಲೇ ದಾಶಿಯೂ ಬೇಡ ಎಂದು ಬರೆದು ತಿಳಿಸುವುದು ಒಳ್ಳೆಯದು; ಅಲ್ಲಿಗೆ ಹೋಗಿ ಹೇಳಿದರೆ ಪಾಪ, ಅವರೇ ಹೆಚ್ಚು ಸಂಕಟಪಡುತ್ತಾರೆ. ಸಮಯದ ವಿಷಯವೂ ಹಾಗೆಯೇ. ಹತ್ತು ನಿಮಿಷ ಮೊದಲೇ ಬಾಗಿಲಲ್ಲಿರುವುದು ಅಲ್ಲಿನ ಮರ್ಯಾದೆ.

ಸಿಹಿಯನ್ನು ಚಹಾದೊಂದಿಗೆ ತಿನ್ನುವ ಜಾಗಕ್ಕಾಗಿ ಕೋಟೆಯ ಆವರಣದಲ್ಲಿ 2015ರಲ್ಲಿ ಮರುನಿರ್ಮಿಸಿದ ಗ್ಯೋಕುಸೆನ್‌ಇನ್‌ಮಾರು ಉದ್ಯಾನದ ಚಹಾಮನೆಯನ್ನು ಆರಿಸಿಕೊಂಡೆವು. ಅಲ್ಲಿ ಮಾಚಾ ಎಂಬ ಪುಡಿ ಮಾಡಿದ ಹಸಿರು ಚಹಾದ ಜೊತೆ ಅವರದೇ ಸಿಹಿ ಕೊಡುತ್ತಾರೆ, ನನ್ನ ಹೂಕೋಸು ಡಬ್ಬಿಯಲ್ಲೇ ಉಳಿಯಿತು. ಸಿಹಿಯನ್ನು ಮೊದಲು ಪೂರ್ತಿ ತಿಂದು, ಆ ಸವಿ ನಾಲಿಗೆಯ ಮೇಲಿರುವಾಗ ಕಹಿ ಚಹಾ ಕುಡಿಯಬೇಕು. ಬೋಗುಣಿಯ ಮುಖಭಾಗಕ್ಕೆ ತುಟಿ ತಾಗದಂತೆ ಎರಡು ಬಾರಿ ತಿರುಗಿಸಿಕೊಳ್ಳಬೇಕು. ನೆಲದ ಮೇಲೆ ಕೂರುವುದು ನಮಗೇನು ಕಷ್ಟ ಎಂದುಕೊಂಡಿದ್ದೆ. ಆದರೆ ಅವರದು ಚಕ್ಕಳಮಕ್ಕಳವಲ್ಲ, ವಜ್ರಾಸನ. ಹತ್ತು ನಿಮಿಷಕ್ಕೆ ಪಾದಗಳು ಜೋಮು ಹಿಡಿದು, ಏಳುವಾಗ ಮಗಳ ಭುಜ ಹಿಡಿದೆ. ವಯಸ್ಸಾದವರು ಕುರ್ಚಿ ಇರುವ ಚಹಾಮನೆಯನ್ನು ಮೊದಲೇ ವಿಚಾರಿಸಿಕೊಳ್ಳಲಿ. ಕಾಲುಚೀಲ ಶುಭ್ರವಾಗಿರಲಿ, ಉಂಗುರ, ಬಳೆ, ಕೈಗಡಿಯಾರಗಳನ್ನು ಬೋಗುಣಿಗೆ ಗೀರು ಬೀಳದಂತೆ ತೆಗೆದಿಡುವುದು ರೂಢಿ.

ಅಂದು ಸಂಜೆ ಅಂಗಡಿಯೊಂದರಲ್ಲಿ ಓಹಿ ಬೋಗುಣಿಗಳನ್ನು ನೋಡಿದೆ. 1666ರಲ್ಲಿ ಚಹಾಗುರು ಸೆನ್ಸೊ ಸೋಶಿತ್ಸು ಕ್ಯೋಟೊದಿಂದ ಬಂದಾಗ ಜೊತೆಗೆ ಬಂದ ಚೋಜಾಎಮೊನ್ ಎಂಬ ಕುಂಬಾರ, ಓಹಿ ಹಳ್ಳಿಯ ಮಣ್ಣು ಹಿಡಿದು ಇಲ್ಲಿಯೇ ನೆಲೆಸಿದ. ಚಕ್ರ ಬಳಸದೆ ಕೈಯಲ್ಲೇ ತಿದ್ದಿದ ಆ ಬೋಗುಣಿಗಳ ಬಣ್ಣಕ್ಕೆ ಅವರು ‘ಅಮೆ’ ಎನ್ನುತ್ತಾರೆ. ಅಮೆ ಎಂದರೆ ಪಾಕದ ಮಿಠಾಯಿ. ನಾನಂತೂ ಕಂಡ ಕೂಡಲೇ ಆಲೆಮನೆಯ ಬೆಲ್ಲದ ಪಾಕ ಎಂದಿದ್ದೆ.

ಮೂರನೆಯ ದಿನ ಕಾಗಾ ಯೂಜೆನ್ ಎಂಬ ಬಟ್ಟೆಯ ಬಣ್ಣಗಾರಿಕೆಗೆ ಕೂತು ಒಂದು ಕೈವಸ್ತ್ರಕ್ಕೆ ಬಣ್ಣ ತುಂಬಿದೆವು. ಗೆರೆಗಳನ್ನು ಅವರೇ ಹಾಕಿ ಕೊಟ್ಟಿದ್ದರಿಂದ ನನಗೆ ಅದು ಸಪ್ಪೆಯೆನಿಸಿತು. ಆದರೆ ಎಲೆಗಳಲ್ಲಿ ಹುಳು ತಿಂದ ತೂತುಗಳನ್ನೂ ಬಿಡಿಸುವ ಅವರ ಪದ್ಧತಿಯನ್ನು ಮರೆಯಲಾರೆ. ಹುಳು ತಿಂದ ಎಲೆಯನ್ನು ದೇವಿಯ ಹಿಂದಿನ ಬಳ್ಳಿಯಲ್ಲಿ ಬರೆಯುವ ಧೈರ್ಯ ನನಗಿಲ್ಲ. ಬಳಿಕ ಕೆನ್ರೊಕುಎನ್ ಉದ್ಯಾನದಲ್ಲಿ ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು ಪೈನ್ ಮರಗಳಿಗೆ ಛತ್ರಿಯ ಕಡ್ಡಿಗಳಂತೆ ಹಗ್ಗ ಕಟ್ಟುವುದನ್ನು ಸಂಜೆಯವರೆಗೆ ನೋಡಿದೆವು. ನವೆಂಬರ್ ಒಂದರಂದು ಆರಂಭವಾಗುವ ಆ ಕೆಲಸಕ್ಕೆ ಯಾವ ತರಗತಿಯೂ ಇಲ್ಲ, ನೋಡುವುದಷ್ಟೇ.

ಹೊರಡುವ ಮೊದಲು ಹತ್ತು ರೇಕು ಮತ್ತು ಒಂದು ಬಿದಿರಿನ ಚಿಮಟ ಕೊಂಡೆ. ಮೈಸೂರಿಗೆ ಬಂದು ಜನವರಿಯ ಒಣ ಹವೆಯಲ್ಲಿ ಕಟ್ಟು ಬಿಚ್ಚಿದಾಗ ಮೊದಲ ರೇಕು ಚಿಮಟಕ್ಕೇ ಸುತ್ತಿಕೊಂಡಿತು. ಮತ್ತೆ ಕಟ್ಟಿಟ್ಟು ಜುಲೈವರೆಗೆ ಕಾದೆ. ಸೋನೆ ಹಿಡಿದ ಒಂದು ಬೆಳಿಗ್ಗೆ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಸರಸ್ವತಿಯ ವೀಣೆಯ ಕೊಡದ ಉಬ್ಬಿಗೆ ಗೋಂದು ಸವರಿ ಒರೆಸಿದೆ. ಎರಡು ರೇಕು ಹರಿದವು. ಮೂರನೆಯದರ ನಡುವಿಗೆ ಊದಿದಾಗ ಅದು ನಾಲ್ಕೂ ಕಡೆಗೆ ಬಿಚ್ಚಿಕೊಂಡು ಕೊಡದ ಮೇಲೆ ಮಲಗಿತು.